ಹೊಸ ಟ್ಯಾಟೂ, ಹೊಸದಾಗಿ ಚುಚ್ಚಿಸಿದ ಕಿವಿ-ಮೂಗು: ಗಾಯ ಮಾಯುವವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯಾಟೂ ಹಾಕಿಸಿಕೊಂಡ ಮೇಲೆ ಅಥವಾ ಚುಚ್ಚಿಸಿಕೊಂಡ ಮೇಲೆ ಎದುರಾಗುವ ಕಿರಿಕಿರಿಗಳು ಎಷ್ಟೋ ಸಲ ಆರೈಕೆ ಅತಿಯಾದದ್ದರಿಂದಲೇ ಹುಟ್ಟಿಕೊಂಡವು. ದಿನಕ್ಕೆ ಆರು ಸಲ ತೊಳೆಯುವುದು, ಸಿಕ್ಕಿದ್ದನ್ನೆಲ್ಲ ಹಚ್ಚುವುದು, ಮಾಯ್ದಿದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡುವುದು ಅಂಥವು. ಕೆಳಗಿನ ಹೆಚ್ಚಿನ ಉತ್ತರಗಳಲ್ಲಿ ‘ಬೇಡ’ ಎಂಬ ಮಾತು ಮತ್ತೆ ಮತ್ತೆ ಬಂದರೆ ಅದಕ್ಕೆ ಕಾರಣ ಇಷ್ಟೇ.

ಟ್ಯಾಟೂಗೂ ಚುಚ್ಚಿಸಿದ ತೂತಿಗೂ ಒಂದೇ ಆರೈಕೆ ಸಾಕಾಗುವುದಿಲ್ಲವೇ?

ಸಾಕಾಗುವುದಿಲ್ಲ. ಎರಡೂ ಬೇರೆ ಬೇರೆ ಬಗೆಯ ಗಾಯಗಳು.

ಟ್ಯಾಟೂ ಅಗಲವಾದ, ಆದರೆ ಆಳವಿಲ್ಲದ ಗಾಯ. ಸೂಜಿ ಮೇಲ್ಚರ್ಮವನ್ನು ದಾಟಿ ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿ, ಒಳಚರ್ಮದಲ್ಲಿ ಬಣ್ಣ ಬಿಡುತ್ತದೆ. ಮೊಣಕಾಲು ತರಚಿದಾಗ ಆಗುವಂತೆಯೇ ಮೊದಲು ರಸಿಕೆ ಒಸರಿ, ಆಮೇಲೆ ಒಣಗಿ, ಹೊಟ್ಟೆದ್ದು ಉದುರುತ್ತದೆ. ಈ ಹೊತ್ತಿನಲ್ಲಿ ಚರ್ಮ ಬಿರಿಯದಂತೆ ತೆಳ್ಳಗೆ ಏನಾದರೂ ಸವರಬೇಕಾಗುತ್ತದೆ.

ಚುಚ್ಚಿಸಿದ ಜಾಗ ಆರಪಾರ ತೂತು. ಅದರೊಳಗೆ ಲೋಹದ ಕಡ್ಡಿ ಕೂತೇ ಇರುತ್ತದೆ. ಹೊಸ ಚರ್ಮ ಎರಡೂ ಬಾಯಿಯಿಂದ ಶುರುವಾಗಿ ಒಳಮುಖವಾಗಿ ಬೆಳೆದು ನಡುವೆ ಸೇರಬೇಕು. ಹಾಗಾಗಿ ಹೊರಗೆ ಚೆನ್ನಾಗಿ ಮಾಯ್ದಂತೆ ಕಂಡರೂ ನಡುವೆ ಇನ್ನೂ ಹಸಿಯಾಗಿರುತ್ತದೆ. ಇಲ್ಲಿ ಮುಲಾಮು ಹಚ್ಚಿದರೆ ಅದು ತೂತಿನ ಬಾಯಿ ಕಟ್ಟಿ, ಒಳಗಿನ ರಸಿಕೆ ಹೊರಬರಲು ದಾರಿಯಿಲ್ಲದಂತೆ ಮಾಡುತ್ತದೆ. ಟ್ಯಾಟೂಗೆ ಒಳ್ಳೆಯದಾದದ್ದು ಚುಚ್ಚಿದ ಜಾಗಕ್ಕೆ ಕೆಟ್ಟದ್ದಾಗುವುದು ಹೀಗೆ.

## ಟ್ಯಾಟೂ

ಸುತ್ತಿ ಕಳಿಸಿದ ಪ್ಲಾಸ್ಟಿಕ್ ಹಾಳೆಯನ್ನು ಯಾವಾಗ ತೆಗೆಯಬೇಕು?

ಯಾವ ಹಾಳೆ ಎನ್ನುವುದರ ಮೇಲೆ ಹೋಗುತ್ತದೆ. ಅಡುಗೆಮನೆಯಲ್ಲಿ ಬಳಸುವಂಥ ತೆಳು ಪ್ಲಾಸ್ಟಿಕ್ ಆದರೆ ಎರಡರಿಂದ ನಾಲ್ಕು ಗಂಟೆಯೊಳಗೆ ತೆಗೆದುಬಿಡಿ. ಅದರೊಳಗೆ ಗಾಳಿಯಾಡುವುದಿಲ್ಲ, ಬೆವರು, ರಕ್ತ, ರಸಿಕೆ ಎಲ್ಲ ಸೇರಿ ಬೆಚ್ಚಗೆ ನಿಂತರೆ ರೋಗಾಣುಗಳಿಗೆ ಅದಕ್ಕಿಂತ ಅನುಕೂಲದ ಜಾಗ ಬೇಕಿಲ್ಲ. ತೆಗೆದ ಹಾಳೆಯನ್ನೇ ತೊಳೆದು ಮತ್ತೆ ಸುತ್ತುವುದಂತೂ ಬೇಡವೇ ಬೇಡ.

ಚರ್ಮಕ್ಕೆ ಅಂಟಿಕೊಳ್ಳುವ, ಗಾಳಿಯಾಡುವ ವೈದ್ಯಕೀಯ ಫಿಲ್ಮ್ ಆದರೆ ಲೆಕ್ಕ ಬೇರೆ. ಮೊದಲ ಹಾಳೆಯನ್ನು ಸಾಮಾನ್ಯವಾಗಿ 24 ಗಂಟೆ ಬಿಟ್ಟು, ತೆಗೆದು, ತೊಳೆದು, ಪೂರ್ತಿ ಒಣಗಿಸಿ, ಹೊಸ ಹಾಳೆ ಹಾಕಿ ಮೂರರಿಂದ ಐದು ದಿನ ಬಿಡುತ್ತಾರೆ. ಕಲಾವಿದರು ಬೇರೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿ. ಒಳಗೆ ಕಪ್ಪು ನೀರು ತುಂಬಿಕೊಂಡಿದೆ ಎಂದು ಗಾಬರಿ ಬೇಡ, ಅದು ರಸಿಕೆಯೊಂದಿಗೆ ಬೆರೆತ ಹೆಚ್ಚುವರಿ ಇಂಕು. ಆದರೆ ಹಾಳೆಯ ಅಂಚು ಎದ್ದು ಆ ನೀರು ಸೋರತೊಡಗಿದರೆ, ಅಥವಾ ಅಂಟಿದ ಜಾಗದ ಸುತ್ತ ಚೌಕಾಕಾರವಾಗಿ ಕೆಂಪಗೆ ತುರಿಕೆ ಎದ್ದರೆ ಅವಧಿ ಕಾಯಬೇಡಿ. ಮೊದಲನೆಯದರಲ್ಲಿ ಹೊರಗಿನ ಕೊಳೆ ಒಳಗೆ ಹೋಗಲು ದಾರಿ ಸಿಕ್ಕಿರುತ್ತದೆ. ಎರಡನೆಯದು ಅಂಟಿನ ಅಲರ್ಜಿ.

ತೆಗೆಯುವಾಗ ಬ್ಯಾಂಡೇಜಿನಂತೆ ಮೇಲಕ್ಕೆ ಕೀಳಬೇಡಿ. ಬೆಚ್ಚಗಿನ ನೀರು ಬಿಟ್ಟುಕೊಂಡು, ಒಂದು ಮೂಲೆ ಹಿಡಿದು ಚರ್ಮಕ್ಕೆ ಸಮಾನಾಂತರವಾಗಿ, ಉದ್ದಕ್ಕೆ ಎಳೆಯಿರಿ. ಅಂಟು ತಾನಾಗಿ ಬಿಡುತ್ತದೆ.

ತೊಳೆಯುವ ಸರಿಯಾದ ಕ್ರಮ ಯಾವುದು?

ಮೊದಲು ಕೈ. ಸೋಪು ಹಾಕಿ ಕನಿಷ್ಠ 20 ಸೆಕೆಂಡು ಉಜ್ಜಿ ತೊಳೆಯಿರಿ, ಉಗುರಿನ ಸಂದಿಯೂ ಸೇರಿ. ಆಮೇಲೆ ಉಗುರುಬೆಚ್ಚಗಿನ ನೀರನ್ನು ಟ್ಯಾಟೂ ಮೇಲೆ ಹರಿಯಬಿಡಿ. ಶವರಿನ ನೀರು ರಭಸದಿಂದ ನೇರವಾಗಿ ಬಡಿಯದಿರಲಿ. ಪರಿಮಳವಿಲ್ಲದ ದ್ರವ ಸೋಪನ್ನು ಅಂಗೈಯಲ್ಲೇ ನೊರೆ ಮಾಡಿಕೊಂಡು, ಬೆರಳ ತುದಿಯಿಂದ ಸಣ್ಣ ಸುತ್ತುಗಳಲ್ಲಿ ಸವರಿ. ಮೈ ಉಜ್ಜುವ ಬ್ರಶ್, ಸ್ಪಂಜು, ನಾರು ಯಾವುದೂ ಬೇಡ. ಮೊದಲ ದಿನ ಜಿಡ್ಡುಜಿಡ್ಡಾದ ಪದರ ಕೈಗೆ ಹತ್ತುತ್ತದೆ. ಅದು ಒಣಗಿದ ರಸಿಕೆ. ಅದನ್ನು ಪೂರ್ತಿ ತೊಳೆದು ತೆಗೆಯುವುದೇ ಮುಖ್ಯ ಕೆಲಸ, ಯಾಕೆಂದರೆ ಉಳಿದುಹೋದ ರಸಿಕೆಯೇ ಮರುದಿನ ದಪ್ಪ ಹಕ್ಕಳೆಯಾಗುತ್ತದೆ.

ಒರೆಸಲು ಸ್ನಾನದ ಟವೆಲ್ ಬೇಡ. ಪೇಪರ್ ಟವೆಲ್‌ನಿಂದ ಒತ್ತಿ ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಹತ್ತು ಹದಿನೈದು ನಿಮಿಷ ಗಾಳಿಗೆ ಬಿಟ್ಟ ಮೇಲೆ ಮುಲಾಮು. ದಿನಕ್ಕೆ ಎರಡು ಸಲ ಸಾಕು. ಬೆವರು, ಧೂಳು ತಗುಲಿದ ದಿನ ಇನ್ನೊಂದು ಸಲ.

ಮುಲಾಮು ಯಾವುದು, ಎಷ್ಟು?

‘ಎಷ್ಟು’ ಎನ್ನುವುದು ‘ಯಾವುದು’ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಅಂಗೈಯಗಲದ ಟ್ಯಾಟೂಗೆ ಬಟಾಣಿ ಕಾಳಿನಷ್ಟು ಸಾಕು. ಹಚ್ಚಿದ ಮೇಲೆ ಚರ್ಮ ಮಿನುಗಬೇಕೇ ಹೊರತು ಒದ್ದೆಯಾಗಿ ಹೊಳೆಯಬಾರದು. ಜಾಸ್ತಿಯಾಯಿತು ಅನಿಸಿದರೆ ಪೇಪರ್ ಟವೆಲ್ ಒತ್ತಿ ತೆಗೆಯಿರಿ. ದಪ್ಪಗೆ ಬಳಿದರೆ ಹಕ್ಕಳೆ ನೆನೆದು ಮೆತ್ತಗಾಗಿ, ಬಟ್ಟೆಗೆ ಅಂಟಿ, ಬಣ್ಣದ ಸಮೇತ ಕಿತ್ತುಬರುತ್ತದೆ. ಸಣ್ಣ ಸಣ್ಣ ಗುಳ್ಳೆಗಳೂ ಏಳುತ್ತವೆ.

ಮೊದಲ ಮೂರು ನಾಲ್ಕು ದಿನ ಪರಿಮಳವಿಲ್ಲದ ಮುಲಾಮು, ದಿನಕ್ಕೆ ಎರಡು ಮೂರು ಸಲ. ಹೊಟ್ಟೇಳಲು ಶುರುವಾದ ಮೇಲೆ ಪರಿಮಳವಿಲ್ಲದ, ಬಣ್ಣವಿಲ್ಲದ ಸಾದಾ ಲೋಷನ್‌ಗೆ ಬದಲಾಯಿಸಿ. ಪೆಟ್ರೋಲಿಯಂ ಜೆಲ್ಲಿ ವಿಷವೇನಲ್ಲ, ಆದರೆ ಅದನ್ನು ತೆಳ್ಳಗೆ ಹಚ್ಚುವ ಸಂಯಮ ಕಡಿಮೆ ಜನರಿಗಿರುತ್ತದೆ. ಆ್ಯಂಟಿಬಯೋಟಿಕ್ ಮುಲಾಮನ್ನು ವೈದ್ಯರು ಹೇಳದೆ ಹಚ್ಚಬೇಡಿ. ಅವುಗಳಲ್ಲಿ ಕೆಲವದರಲ್ಲಿರುವ ನಿಯೋಮೈಸಿನ್ ಹಲವರಿಗೆ ಅಲರ್ಜಿ ತರುತ್ತದೆ; ಆಗ ಏಳುವ ಕೆಂಪು ಗುಳ್ಳೆಗಳನ್ನು ಸೋಂಕು ಎಂದುಕೊಂಡು ಅದೇ ಮುಲಾಮನ್ನು ಇನ್ನಷ್ಟು ಬಳಿಯುವವರೇ ಹೆಚ್ಚು.

ಬಣ್ಣ ಉದುರುತ್ತಿದೆ! ಟ್ಯಾಟೂ ಅಳಿಸಿಹೋಗುತ್ತಿದೆಯೇ?

ಇಲ್ಲ. ಸಾಮಾನ್ಯವಾಗಿ ನಾಲ್ಕನೇ ದಿನದಿಂದ ಎರಡು ವಾರದವರೆಗೆ ಮೇಲ್ಚರ್ಮ ಸುಲಿಯುತ್ತದೆ. ಆ ಹೊಟ್ಟಿನಲ್ಲಿ ಮೇಲ್ಪದರಕ್ಕೆ ಸಿಕ್ಕಿಕೊಂಡಿದ್ದ ಬಣ್ಣ ಇರುವುದು ಸಹಜ. ಉಳಿಯಬೇಕಾದ ಬಣ್ಣ ಕೆಳಗೆ, ಒಳಚರ್ಮದ ಕೋಶಗಳಲ್ಲಿದೆ. ಅಲ್ಲಿ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಇಂಕಿನ ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಟ್ಯಾಟೂ ವರ್ಷಾನುಗಟ್ಟಲೆ ನಿಲ್ಲುವುದೇ ಇದರಿಂದ. ಸುಲಿದ ಮೇಲೆ ಕೆಲ ವಾರ ಎಲ್ಲವೂ ಮಸುಕಾಗಿ, ಹಾಲುಬಿಳಿ ಪೊರೆ ಹೊದ್ದಂತೆ ಕಾಣುತ್ತದೆ. ಹೊಸ ಚರ್ಮ ತಿಳಿಯಾಗುತ್ತಾ ಬಂದಂತೆ ಬಣ್ಣ ಮೇಲೆದ್ದು ಕಾಣುತ್ತದೆ.

ಅರ್ಧ ಎದ್ದ ಹೊಟ್ಟನ್ನು ಎಳೆದು ಕೀಳುವ ಆಸೆಯನ್ನು ತಡೆದುಕೊಳ್ಳಿ. ಇನ್ನೂ ಅಂಟಿಕೊಂಡಿರುವ ಹಕ್ಕಳೆಯನ್ನು ಕಿತ್ತರೆ ಕೆಳಗಿನ ಹಸಿ ಜಾಗ ತೆರೆದು, ಅಲ್ಲೊಂದು ಬಿಳಿ ಚುಕ್ಕೆ ಉಳಿದುಬಿಡುತ್ತದೆ.

ತುರಿಕೆ ತಡೆಯಲಾಗುತ್ತಿಲ್ಲ.

ಕೆರೆಯಬೇಡಿ. ಅಂಗೈಯಿಂದ ಮೆಲ್ಲಗೆ ತಟ್ಟಿ, ಅಥವಾ ಸ್ವಚ್ಛ ಬಟ್ಟೆಯಲ್ಲಿ ಸುತ್ತಿದ ತಂಪು ಪೊಟ್ಟಣವನ್ನು ಕೆಲ ನಿಮಿಷ ಇಟ್ಟುಕೊಳ್ಳಿ. ಒಣಗಿದ್ದಕ್ಕೆ ತುರಿಕೆಯಾದರೆ ಚೂರು ಲೋಷನ್ ಸಾಕು. ರಾತ್ರಿ ನಿದ್ದೆಯಲ್ಲಿ ಕೆರೆದುಕೊಳ್ಳುವವರು ಉಗುರು ಕತ್ತರಿಸಿಕೊಂಡು, ಸಡಿಲವಾದ ಹತ್ತಿ ಬಟ್ಟೆ ತೊಟ್ಟು ಮಲಗಲಿ.

ಸ್ನಾನ, ಈಜು, ವ್ಯಾಯಾಮ?

ಶವರ್ ಅಥವಾ ಚೊಂಬಿನ ಸ್ನಾನಕ್ಕೆ ಮೊದಲ ದಿನದಿಂದಲೇ ಅಡ್ಡಿಯಿಲ್ಲ. ಮುಳುಗುವುದು ಮಾತ್ರ ಬೇಡ: ಟಬ್, ಈಜುಕೊಳ, ಕೆರೆ, ನದಿ, ಸಮುದ್ರ ಎಲ್ಲವೂ ಕನಿಷ್ಠ ಮೂರು ನಾಲ್ಕು ವಾರ, ಅಂದರೆ ಸುಲಿಯುವುದು ಪೂರ್ತಿ ಮುಗಿಯುವವರೆಗೆ. ವ್ಯಾಯಾಮವನ್ನು ಮೊದಲ ಎರಡು ದಿನ ಬಿಟ್ಟು ಶುರು ಮಾಡಬಹುದು. ಮೊಣಕೈ, ಮಂಡಿಯಂತೆ ಮಡಚುವ ಜಾಗವಾದರೆ ಒಂದು ವಾರ ತಡೆಯಿರಿ. ಜಿಮ್‌ನ ಬೆಂಚು, ಮ್ಯಾಟು ಹಸಿ ಟ್ಯಾಟೂಗೆ ತಾಗದಂತೆ ಸ್ವಚ್ಛ ಬಟ್ಟೆಯಿಂದ ಮುಚ್ಚಿಕೊಳ್ಳಿ.

ಸನ್‌ಸ್ಕ್ರೀನ್ ಯಾವಾಗಿನಿಂದ?

ಚರ್ಮ ಕೂಡಿಕೊಂಡ ಮೇಲೆ. ಹಸಿ ಗಾಯಕ್ಕೆ ಸನ್‌ಸ್ಕ್ರೀನ್ ಹಚ್ಚಬಾರದು. ಅಲ್ಲಿಯವರೆಗೆ ಸಡಿಲ ಬಟ್ಟೆಯ ನೆರಳೇ ಗತಿ. ಆಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು, ಬಿಸಿಲಿಗೆ ಹೋಗುವಾಗಲೆಲ್ಲ. ಟ್ಯಾಟೂ ಮಂಕಾಗಲು ಬಿಸಿಲಿನಷ್ಟು ದೊಡ್ಡ ಕಾರಣ ಬೇರೊಂದಿಲ್ಲ.

ಕೆಂಪು ಬಣ್ಣ ತುಂಬಿದ ಕಡೆ ಮಾತ್ರ ಉಬ್ಬಿ ತುರಿಸುತ್ತಿದೆ. ಯಾಕೆ?

ಇಂಕಿನ ಅಲರ್ಜಿ ಇರಬಹುದು. ಬಣ್ಣಗಳಲ್ಲಿ ಹೆಚ್ಚು ಅಲರ್ಜಿ ತರುವುದು ಕೆಂಪೇ. ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಕೆಲವೊಮ್ಮೆ ವರ್ಷಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಚರ್ಮವೈದ್ಯರಿಗೆ ತೋರಿಸಿ. ಲೇಸರ್‌ನಿಂದ ಅಳಿಸಿಬಿಡೋಣ ಎಂದು ಅವರನ್ನು ಕೇಳದೆ ಹೊರಡಬೇಡಿ, ಒಡೆದ ಬಣ್ಣದ ಕಣಗಳು ಅಲರ್ಜಿಯನ್ನು ಮೈಯೆಲ್ಲ ಹರಡುವ ಅಪಾಯವಿದೆ.

ಬಣ್ಣ ಯಾವುದೇ ಇರಲಿ, ಚೆನ್ನಾಗಿ ಮಾಯುತ್ತಿದ್ದ ಟ್ಯಾಟೂನಲ್ಲಿ ಒಂದರಿಂದ ಮೂರು ವಾರದ ಮೇಲೆ ಸಣ್ಣ ಕೆಂಪು ಗಂಟುಗಳೆದ್ದರೆ ಅದು ಬೇರೆಯೇ ಕತೆ. ಇಂಕನ್ನು ನಲ್ಲಿ ನೀರಿನಲ್ಲಿ ತೆಳು ಮಾಡಿದಾಗ ಮೈಕೋಬ್ಯಾಕ್ಟೀರಿಯಂ ಜಾತಿಯ ಕೆಲವು ಬ್ಯಾಕ್ಟೀರಿಯಾ ಹೀಗೆ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಮಾಮೂಲಿ ಆ್ಯಂಟಿಬಯೋಟಿಕ್‌ಗಳಿಗೆ ಇವು ಜಗ್ಗುವುದಿಲ್ಲ. ಟ್ಯಾಟೂ ಹಾಕಿಸಿದ ದಿನಾಂಕವನ್ನು ವೈದ್ಯರಿಗೆ ಹೇಳಿದರೆ ಸರಿಯಾದ ಪರೀಕ್ಷೆ ಮಾಡಿಸುತ್ತಾರೆ.

## ಚುಚ್ಚಿಸಿದ ಜಾಗ

ಯಾವುದರಿಂದ ಸ್ವಚ್ಛ ಮಾಡಬೇಕು?

ಕ್ರಿಮಿರಹಿತ ಉಪ್ಪುನೀರು, ಅಂದರೆ 0.9% ಸೋಡಿಯಂ ಕ್ಲೋರೈಡ್ ದ್ರಾವಣ. ಗಾಯ ತೊಳೆಯಲೆಂದೇ ಸ್ಪ್ರೇ ರೂಪದಲ್ಲಿ ಸಿಗುತ್ತದೆ. ಕೊಳ್ಳುವಾಗ ಪದಾರ್ಥಗಳ ಪಟ್ಟಿ ಓದಿ: ನೀರು ಮತ್ತು ಸೋಡಿಯಂ ಕ್ಲೋರೈಡ್ ಬಿಟ್ಟು ಬೇರೇನೂ ಇರಬಾರದು. ಕಾಂಟ್ಯಾಕ್ಟ್ ಲೆನ್ಸ್ ದ್ರಾವಣವಾಗಲಿ, ಮೂಗಿಗೆ ಬಿಡುವ ಔಷಧಿಯಾಗಲಿ ಇದಕ್ಕೆ ಬದಲಿಯಲ್ಲ.

ದಿನಕ್ಕೆ ಎರಡು ಸಲ ಹಿಂದೆ ಮುಂದೆ ಸಿಂಪಡಿಸಿ, ಒಂದೆರಡು ನಿಮಿಷ ಬಿಟ್ಟು, ನೆನೆದ ಪದರ ತಾನಾಗಿ ಬಂದಷ್ಟನ್ನು ಮಾತ್ರ ಗಾಜ್ ಬಟ್ಟೆಯಿಂದ ಒರೆಸಿ, ಒಣಗಿಸಿ. ಹತ್ತಿ ಉಂಡೆಯ ಎಳೆಗಳು ಕಡ್ಡಿಗೆ ಸುತ್ತಿಕೊಳ್ಳುವುದರಿಂದ ಹತ್ತಿ ಬೇಡ. ಒಣಗಿಸುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ತೇವ ನಿಂತ ತೂತಿನ ಸುತ್ತ ಮೆತ್ತನೆಯ ಕೆಂಪು ಮಾಂಸ ಉಬ್ಬಿ ಬರುವುದು ಸಾಮಾನ್ಯ. ಹೇರ್ ಡ್ರೈಯರ್ ಇದ್ದರೆ ತಂಪು ಗಾಳಿಗೆ ಇಟ್ಟು ಕೆಲ ಸೆಕೆಂಡು ಹಿಡಿದರೆ ಕೆಲಸ ಮುಗಿಯಿತು.

ಮನೆಯಲ್ಲೇ ಉಪ್ಪುನೀರು ಮಾಡಿಕೊಳ್ಳಬಹುದೇ?

ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಅಯೋಡಿನ್ ಸೇರಿಸದ ಉಪ್ಪು, ತೂಕ ಮಾಡಿ. ಕೈಯಳತೆಯಲ್ಲಿ ಹಾಕಿದರೆ ಬಹುತೇಕ ಉಪ್ಪು ಜಾಸ್ತಿಯಾಗಿ, ಚರ್ಮ ಒಣಗಿ ಬಿರಿಯುತ್ತದೆ. ಆಯಾ ದಿನದ್ದು ಆಯಾ ದಿನಕ್ಕೆ, ಉಳಿದದ್ದನ್ನು ಚೆಲ್ಲಿ.

ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಟೀ ಟ್ರೀ ಎಣ್ಣೆ?

ಮೂರೂ ಬೇಡ. ಕ್ರಿಮಿಯನ್ನು ಕೊಲ್ಲುವ ಭರದಲ್ಲಿ ಹೊಸದಾಗಿ ಹುಟ್ಟುತ್ತಿರುವ ಚರ್ಮವನ್ನೂ ಸುಡುತ್ತವೆ. ಆ್ಯಸ್ಪಿರಿನ್ ಮಾತ್ರೆ ಅರೆದು ಗುಳ್ಳೆಗೆ ಮೆತ್ತುವ ಸಲಹೆಯೂ ಸುತ್ತಾಡುತ್ತಿರುತ್ತದೆ. ಅದರಿಂದ ಚರ್ಮ ಸುಟ್ಟ ಗಾಯವೊಂದು ಹೆಚ್ಚಿಗೆ ಸಿಗುತ್ತದೆ ಅಷ್ಟೇ.

ಅಂಟಿಕೊಳ್ಳದಿರಲಿ ಎಂದು ಓಲೆಯನ್ನು ದಿನಾ ತಿರುಗಿಸಬೇಕಂತೆ?

ಹಳೆಯ ಸಲಹೆ, ತಪ್ಪು ಸಲಹೆ. ನಯವಾದ ಲೋಹಕ್ಕೆ ಚರ್ಮ ಅಂಟಿ ಬೆಳೆಯುವುದಿಲ್ಲ. ಅಂಟಿದಂತೆ ಅನಿಸುವುದು ಕಡ್ಡಿಯ ಮೇಲೆ ಒಣಗಿದ ರಸಿಕೆ. ತಿರುಗಿಸಿದಾಗ ಆ ಗಟ್ಟಿ ಪದರ ಒಳಕ್ಕೆ ಹೋಗಿ, ಎಳೆ ಚರ್ಮವನ್ನು ಗೀರಿ, ಹೊರಗಿನ ಕೊಳೆಯನ್ನೂ ಜೊತೆಗೆ ಒಯ್ಯುತ್ತದೆ.

ಪೂರ್ತಿ ಮಾಯಲು ಎಷ್ಟು ಕಾಲ ಬೇಕು?

ಕಿವಿಯ ಹಾಲೆಗೆ ಆರರಿಂದ ಎಂಟು ವಾರ, ಹುಬ್ಬಿಗೂ ಹೆಚ್ಚುಕಡಿಮೆ ಅಷ್ಟೇ. ನಾಲಿಗೆ ನಾಲ್ಕರಿಂದ ಆರು ವಾರದಲ್ಲಿ ಮಾಯುತ್ತದೆ, ಬಾಯಿಗೆ ರಕ್ತಸಂಚಾರ ಚೆನ್ನಾಗಿರುವುದರಿಂದ. ಮೂಗಿನ ಹೊಳ್ಳೆಗೆ ನಾಲ್ಕರಿಂದ ಆರು ತಿಂಗಳು. ಕಿವಿಯ ಮೇಲ್ಭಾಗದ ಮೃದ್ವಸ್ಥಿಗೆ (ಮಡಚಿದರೆ ಬಾಗುವ ಮೆದು ಎಲುಬಿಗೆ) ಆರು ತಿಂಗಳಿನಿಂದ ಒಂದು ವರ್ಷ, ಹೊಕ್ಕುಳಕ್ಕೂ ಹಾಗೆಯೇ. ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲದ ಕಾರಣ ತಡ; ಹೊಕ್ಕುಳ ತಡವಾಗುವುದು ಕೂತು ಏಳುವಾಗೆಲ್ಲ ಮಡಚಿ, ಸೊಂಟಪಟ್ಟಿ ಉಜ್ಜುವುದರಿಂದ.

ಎರಡು ತಿಂಗಳಿಗೆ ನೋವೆಲ್ಲ ಹೋಗಿ, ಮತ್ತೆ ನಾಲ್ಕನೇ ತಿಂಗಳಲ್ಲಿ ಏಕಾಏಕಿ ಕೆಂಪಾಗುವುದು ಮೃದ್ವಸ್ಥಿಯ ಸ್ವಭಾವ. ಆರೈಕೆ ನಿಲ್ಲಿಸುವುದು, ಓಲೆ ಬದಲಾಯಿಸುವುದು ಬಹುತೇಕ ಇದಕ್ಕೆ ಸ್ವಲ್ಪ ಮುಂಚೆಯೇ ಆಗಿರುತ್ತದೆ.

ಯಾವ ಲೋಹ ಒಳ್ಳೆಯದು?

ಮೊದಲ ಆಭರಣಕ್ಕೆ ದೇಹದೊಳಗೆ ಅಳವಡಿಸುವ ದರ್ಜೆಯ ಟೈಟಾನಿಯಂ, ಎಎಸ್‌ಟಿಎಂ ಎಫ್136 ಎಂಬ ಮಾನದಂಡದ್ದು. ನಿಯೋಬಿಯಂ ಆಗಬಹುದು. ಹಲವರಿಗೆ ಅಲರ್ಜಿ ತರುವ ನಿಕ್ಕಲ್ ಬೆರೆಸದ 14 ಅಥವಾ 18 ಕ್ಯಾರೆಟ್ ಚಿನ್ನವೂ ಆದೀತು. ಆದರೆ ಚಿನ್ನದ ಲೇಪನ ಬೇಡ, ಅದು ಸವೆದು ಕೆಳಗಿನ ಲೋಹ ಗಾಯಕ್ಕೆ ತಾಗುತ್ತದೆ. ‘ಸರ್ಜಿಕಲ್ ಸ್ಟೀಲ್’ ಎಂಬ ಹೆಸರು ಕೇಳಿ ಮರುಳಾಗಬೇಡಿ, ಅದರಲ್ಲಿ ನಿಕ್ಕಲ್ ಇರುತ್ತದೆ. ಬೆಳ್ಳಿ ಹಸಿ ಗಾಯಕ್ಕೆ ಸಲ್ಲದು. ಕಪ್ಪಿಟ್ಟು, ಚರ್ಮದಲ್ಲಿ ಶಾಶ್ವತ ಬೂದು ಕಲೆ ಉಳಿಸಬಲ್ಲದು.

ಹಾಕಿರುವ ಕಡ್ಡಿ ತೀರಾ ಉದ್ದ ಅನಿಸುತ್ತಿದೆ.

ಬೇಕೆಂದೇ ಉದ್ದದ್ದು ಹಾಕಿರುತ್ತಾರೆ, ಊತಕ್ಕೆ ಜಾಗ ಬೇಕು. ಗಿಡ್ಡ ಕಡ್ಡಿ ಹಾಕಿದ್ದರೆ ಊದಿದ ಚರ್ಮ ಓಲೆಯ ತಿರುಪನ್ನೇ ನುಂಗಿಬಿಡುತ್ತದೆ. ಆದರೆ ಊತ ಇಳಿದ ಮೇಲೆ ಆ ಉದ್ದವೇ ಶತ್ರು: ಕೂದಲಿಗೆ, ಮಾಸ್ಕಿಗೆ, ದಿಂಬಿಗೆ ಸಿಕ್ಕಿ ಸದಾ ಅಲ್ಲಾಡುತ್ತದೆ, ಒತ್ತಡಕ್ಕೆ ತೂತು ಓರೆಯಾಗುತ್ತದೆ, ಗುಳ್ಳೆ ಏಳುತ್ತದೆ. ನಾಲ್ಕರಿಂದ ಎಂಟು ವಾರದೊಳಗೆ ಚುಚ್ಚಿದವರ ಹತ್ತಿರವೇ ಹೋಗಿ ಗಿಡ್ಡದ್ದು ಹಾಕಿಸಿಕೊಳ್ಳಿ. ನಾಲಿಗೆಗೆ ಎರಡರಿಂದ ನಾಲ್ಕು ವಾರದಲ್ಲೇ. ಬಹುಪಾಲು ಜನ ಮರೆಯುವ ಹೆಜ್ಜೆ ಇದು, ಮೃದ್ವಸ್ಥಿಯ ಗುಳ್ಳೆಗಳಿಗೆ ಮೊದಲು ಅನುಮಾನಿಸಬೇಕಾದದ್ದೂ ಇದನ್ನೇ.

ತೂತಿನ ಪಕ್ಕ ಗುಳ್ಳೆ ಬಂದಿದೆ. ಕೆಲಾಯ್ಡ್ ಇರಬಹುದೇ?

ಮೊದಲ ಕೆಲ ವಾರಗಳಲ್ಲಿ, ತೂತಿಗೆ ಅಂಟಿಕೊಂಡಂತೆ, ಕೆಂಪಗೆ, ಒಮ್ಮೊಮ್ಮೆ ಒಸರುತ್ತಾ ಬಂದದ್ದಾದರೆ ಅದು ಬಹುತೇಕ ಕಿರಿಕಿರಿಯ ಗುಳ್ಳೆ. ಕಾರಣ ಹುಡುಕಿ: ಆ ಮಗ್ಗುಲಿಗೆ ಮಲಗುತ್ತೀರಾ, ಕಡ್ಡಿ ಉದ್ದವಿದೆಯೇ, ತೇವ ನಿಲ್ಲುತ್ತಿದೆಯೇ, ಲೋಹ ಒಗ್ಗುತ್ತಿಲ್ಲವೇ? ಕಾರಣ ತೆಗೆದರೆ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಿಸುಕಿದರೆ ಇಳಿಯುವುದಿಲ್ಲ.

ಕೆಲಾಯ್ಡ್ ಎಂದರೆ ಅತಿಯಾಗಿ ಬೆಳೆದ ಗಾಯದ ಕಲೆ. ಅದು ಸಾಮಾನ್ಯವಾಗಿ ತಿಂಗಳುಗಳ ನಂತರ ಶುರುವಾಗಿ, ಗಟ್ಟಿಯಾಗಿ, ಮೂಲ ಗಾಯದ ಗಡಿ ದಾಟಿ ಬೆಳೆಯುತ್ತದೆ, ತಾನಾಗಿ ಇಳಿಯುವುದಿಲ್ಲ. ಚರ್ಮವೈದ್ಯರು ಗಂಟಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದು ಮೊದಲಾದ ಚಿಕಿತ್ಸೆ ಮಾಡುತ್ತಾರೆ. ನಿಮಗೋ ಹತ್ತಿರದ ರಕ್ತಸಂಬಂಧಿಗಳಿಗೋ ಹಿಂದೆ ಕೆಲಾಯ್ಡ್ ಆಗಿದ್ದರೆ ಚುಚ್ಚಿಸುವ ಮೊದಲೇ ಯೋಚಿಸುವುದು ಮೇಲು.

ಮಲಗುವುದು ಹೇಗೆ?

ಚುಚ್ಚಿಸಿದ ಕಿವಿ ಮೇಲಾಗುವಂತೆ. ಆಗದಿದ್ದರೆ ಪ್ರಯಾಣದಲ್ಲಿ ಕತ್ತಿಗೆ ಹಾಕುವ ದಿಂಬನ್ನು ತಲೆಯಡಿ ಇಟ್ಟು, ಅದರ ನಡುವಿನ ಖಾಲಿ ಜಾಗಕ್ಕೆ ಕಿವಿ ಬರುವಂತೆ ಮಲಗಿ. ದಿಂಬಿನ ಕವರನ್ನು ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಿ.

ನಾಲಿಗೆ, ತುಟಿ ಚುಚ್ಚಿಸಿದ್ದೇನೆ. ಊಟ?

ಮೊದಲ ಮೂರರಿಂದ ಐದು ದಿನ ನಾಲಿಗೆ ಚೆನ್ನಾಗಿ ಊದುತ್ತದೆ. ತಣ್ಣಗಿನ ಮೆತ್ತನೆಯ ಊಟ, ಸಣ್ಣ ತುತ್ತು, ಐಸ್ ಚೂರು. ಊಟವಾದ ಮೇಲೆ ಆಲ್ಕೋಹಾಲ್ ಇಲ್ಲದ ಮೌತ್‌ವಾಶ್ ಅಥವಾ ಉಪ್ಪುನೀರಿನಿಂದ ಮುಕ್ಕಳಿಸಿ; ಖಾರ, ಸುಡುಬಿಸಿ, ಧೂಮಪಾನ, ಮದ್ಯ ಬೇಡ. ಉಸಿರಾಡಲು, ನುಂಗಲು ಕಷ್ಟವಾಗುವಷ್ಟು ಊತ ಏರಿದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಮಾಯ್ದ ಮೇಲೂ ಕಡ್ಡಿಯನ್ನು ಹಲ್ಲಿನಿಂದ ಕಚ್ಚಿ ಆಡುವ ಚಟ ಹತ್ತಿದರೆ ಹಲ್ಲು ಒಡೆಯುತ್ತದೆ, ವಸಡು ಹಿಂದೆ ಸರಿಯುತ್ತದೆ.

## ಸೋಂಕು ಮತ್ತು ಇತರೆ

ಸಹಜ ನೋವು ಯಾವುದು, ಸೋಂಕು ಯಾವುದು?

ದಿಕ್ಕು ನೋಡಿ. ಸಹಜವಾದ ಕೆಂಪು, ಊತ, ಬಿಸಿ ಎರಡು ಮೂರು ದಿನದ ಮೇಲೆ ಇಳಿಯುತ್ತಾ ಹೋಗುತ್ತವೆ. ಸೋಂಕಿನವು ಏರುತ್ತಾ ಹೋಗುತ್ತವೆ. ಚುಚ್ಚಿದ ಜಾಗದಿಂದ ತೆಳ್ಳಗೆ, ಬಿಳಿ ಅಥವಾ ತಿಳಿಹಳದಿ ರಸಿಕೆ ಬಂದು ಕಡ್ಡಿಯ ಮೇಲೆ ಹರಳುಗಟ್ಟುವುದು ಸಹಜ. ದಪ್ಪ, ಹಸಿರು ಅಥವಾ ಗಾಢ ಹಳದಿ, ವಾಸನೆಯ ಕೀವು ಸಹಜವಲ್ಲ.

ಕೆಂಪು ಸುತ್ತಲೂ ಹರಡುತ್ತಿದೆಯೇ ಎಂಬ ಅನುಮಾನವಿದ್ದರೆ ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದಿಡಿ. ಕೆಲವೇ ಗಂಟೆಗಳಲ್ಲಿ ಗೆರೆ ದಾಟಿದರೆ, ಜ್ವರ ಚಳಿ ಬಂದರೆ, ಗಾಯದಿಂದ ಕೆಂಪು ಗೀಟು ಮೇಲಕ್ಕೆ ಹೊರಟರೆ ಅದೇ ದಿನ ವೈದ್ಯರನ್ನು ಕಾಣಿ.

ಕಿವಿಯ ಮೇಲ್ಭಾಗದ ವಿಷಯದಲ್ಲಿ ಇನ್ನೂ ಬೇಗ. ಕಿವಿಯ ಮೇಲ್ಭಾಗ ಕೆಂಪಗೆ ಊದಿ, ಮುಟ್ಟಿದರೆ ನೋವಾಗಿ, ಕೆಳಗಿನ ಹಾಲೆ ಮಾತ್ರ ಮಾಮೂಲಾಗಿದ್ದರೆ ಮೃದ್ವಸ್ಥಿಯ ಹೊದಿಕೆಗೆ ಸೋಂಕು ತಗುಲಿರುವ ಸೂಚನೆ, ಯಾಕೆಂದರೆ ಹಾಲೆಯಲ್ಲಿ ಮೃದ್ವಸ್ಥಿ ಇಲ್ಲ. ಇದಕ್ಕೆ ಹೆಚ್ಚಾಗಿ ಕಾರಣವಾಗುವ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಎಲ್ಲ ಆ್ಯಂಟಿಬಯೋಟಿಕ್‌ಗಳೂ ನಾಟುವುದಿಲ್ಲ, ಹಾಗಾಗಿ ಮನೆಯಲ್ಲಿ ಉಳಿದ ಮಾತ್ರೆ ನುಂಗುತ್ತಾ ದಿನ ಕಳೆಯಬೇಡಿ. ತಡವಾದರೆ ಮೃದ್ವಸ್ಥಿ ಕರಗಿ ಕಿವಿಯ ಆಕಾರವೇ ಮುದುಡುತ್ತದೆ.

ಕೀವಾಗಿದೆ, ಓಲೆ ತೆಗೆದುಬಿಡಲೇ?

ನೀವಾಗಿ ತೆಗೆಯಬೇಡಿ. ಓಲೆ ತೆಗೆದರೆ ಎರಡೂ ಬಾಯಿ ಬೇಗ ಮುಚ್ಚಿ, ಕೀವು ಒಳಗೇ ಸಿಕ್ಕಿ ಕುರುವಾಗಬಹುದು. ತೆಗೆಯಬೇಕೋ ಬೇಡವೋ ವೈದ್ಯರು ನೋಡಿ ಹೇಳಲಿ. ಚರ್ಮ ಓಲೆಯನ್ನು ನುಂಗಿಕೊಂಡಿದ್ದರೂ ಹಾಗೆಯೇ, ಎಳೆದು ಹರಿದುಕೊಳ್ಳಬೇಡಿ.

ಯಾರು ಮೊದಲೇ ವೈದ್ಯರನ್ನು ಕೇಳಬೇಕು?

ಮಧುಮೇಹ ಹತೋಟಿಯಲ್ಲಿಲ್ಲದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ಕವಾಟದ ತೊಂದರೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿಯಲ್ಲಿರುವವರು. ಗರ್ಭಿಣಿಯರು ಹೆರಿಗೆಯಾಗುವವರೆಗೆ ಮುಂದೂಡುವುದು ಒಳಿತು. ಟೆಟನಸ್ ಲಸಿಕೆ ಹಳೆಯದಾಗಿದ್ದರೆ ಅದನ್ನೂ ವಿಚಾರಿಸಿ.

ಎಂಆರ್‌ಐ ಮಾಡಿಸಬೇಕಾಗಿದೆ, ರಕ್ತದಾನವೂ ಇದೆ.

ಎಂಆರ್‌ಐಗೆ ಮೊದಲು ಟ್ಯಾಟೂ, ಆಭರಣ ಎರಡನ್ನೂ ಸಿಬ್ಬಂದಿಗೆ ತಿಳಿಸಿ. ಟ್ಯಾಟೂ ಸಾಮಾನ್ಯವಾಗಿ ಅಡ್ಡಿಯಲ್ಲ, ಅಪರೂಪಕ್ಕೆ ಬಿಸಿಯೇರಿದ ಅನುಭವವಾಗುತ್ತದೆ. ಹಾಗಾದರೆ ಕೂಡಲೇ ಹೇಳಿ. ರಕ್ತದಾನಕ್ಕೆ ಕಾಯಬೇಕಾದ ಅವಧಿ ದೇಶದಿಂದ ದೇಶಕ್ಕೆ ಬೇರೆ, ರಕ್ತನಿಧಿಯನ್ನೇ ಕೇಳಿ.

ನಿದ್ದೆಯಲ್ಲಿ ಓಲೆ ಬಿದ್ದುಹೋಗಿದೆ. ಈಗೇನು?

ಹೊಸ ತೂತು ಕೆಲವೇ ಗಂಟೆಗಳಲ್ಲಿ ಕಿರಿದಾಗತೊಡಗುತ್ತದೆ, ತಡ ಮಾಡಬೇಡಿ. ಕೈ ತೊಳೆದು, ಓಲೆಯನ್ನು ಸೋಪುನೀರಲ್ಲಿ ತೊಳೆದು ಉಪ್ಪುನೀರಿನಲ್ಲಿ ಅದ್ದಿ, ಮೆಲ್ಲಗೆ ಒಮ್ಮೆ ಹಾಕಿ ನೋಡಿ. ಸಲೀಸಾಗಿ ಹೋದರೆ ಸರಿ. ತಡೆದರೆ ಒತ್ತಬೇಡಿ, ಬಲವಂತ ಮಾಡಿದರೆ ಕಡ್ಡಿ ಪಕ್ಕಕ್ಕೆ ಹೊಸ ದಾರಿ ಕೊರೆಯುತ್ತದೆ. ಓಲೆಯ ಸಮೇತ ಚುಚ್ಚಿದವರ ಹತ್ತಿರ ಹೋದರೆ ಮೊನಚಿಲ್ಲದ ತೆಳು ಕಡ್ಡಿಯನ್ನು ಮುಂದೆ ಬಿಟ್ಟು ಹಳೆಯ ದಾರಿಯಲ್ಲೇ ಓಲೆ ಕೂರಿಸುತ್ತಾರೆ. ಪೂರ್ತಿ ಮುಚ್ಚಿಹೋಗಿದ್ದರೆ ಗಾಯ ಚೆನ್ನಾಗಿ ಮಾಯಲು ಬಿಟ್ಟು, ಕೆಲವು ತಿಂಗಳ ನಂತರ ಹೊಸದಾಗಿ ಚುಚ್ಚಿಸಿಕೊಳ್ಳಿ.